ನೂರಾ ಮೂವತ್ತೆಂಟು, ಎಂಬತ್ತೆಂಟು

ಮುಂದಿನ ಸಾಲಿನ ಮನುಷ್ಯನ ಹಿಂಗತ್ತಿನಲ್ಲಿ ಕೂದಲಿನ ಗೆರೆ ಓರೆಯಾಗಿದೆ, ಎಡಗಡೆ ಮೇಲೆ, ಬಲಗಡೆ ಕೆಳಗೆ, ಮಶೀನು ಓಡಿಸಿ ಬಿಟ್ಟಿದ್ದಾರೆ, ಕತ್ತರಿ ಮುಟ್ಟಿಸಿಲ್ಲ, ಇಷ್ಟು ದೊಡ್ಡ ಹೋಟೆಲಿಗೆ ಕೋಟು ತೊಟ್ಟು ಬಂದವನಿಗೆ ಹಿಂದೆ ಹೀಗಾಗಿದೆ ಎಂದು ಯಾರೂ ಹೇಳಿಲ್ಲ, ಅವರವರ ಹಿಂಗತ್ತು ಅವರವರಿಗೆ ಕಾಣುವುದಿಲ್ಲವಲ್ಲ, ಅದಕ್ಕೇ ಕೆಲಸ ಮುಗಿದ ಮೇಲೆ ನಾನು ಕೈಗನ್ನಡಿ ಹಿಡಿದು ತೋರಿಸುತ್ತೇನೆ, ಗಿರಾಕಿ ತಲೆಯಾಡಿಸುತ್ತಾನೆ, ಛಲೋ ಆತು ಸಂಗಪ್ಪಾ, ಸಾಕು — ಮೂವತ್ತನಾಲ್ಕು ವರ್ಷ, ಭಾಂಡುಪಿನ ಏರುರಸ್ತೆಯ ಅದೇ ಒಂದು ಗಾಳೆಯ ಅಂಗಡಿಯಲ್ಲಿ, ಎರಡು ಕುರ್ಚಿ, ಎದುರುಬದುರು ಕನ್ನಡಿ, ಅಲ್ಲಿ ಕೂತವನ ತಲೆಯ ಹಿಂದೆ ತಲೆ, ಅದರ ಹಿಂದೆ ಇನ್ನೊಂದು ತಲೆ, ಕೊನೆಯೇ ಇಲ್ಲ, ಕೆಲವು ದಿನ ಆ ಸಾಲಿನಲ್ಲಿ ದೂರದ ಒಂದು ತಲೆ ನಾನು ಕತ್ತರಿಸುತ್ತಿರುವವನದಲ್ಲ ಅನ್ನಿಸುತ್ತದೆ, ಐದನೆಯದೋ ಆರನೆಯದೋ, ಅಲ್ಲಿ ಸೋಮನಾಥ ಕೂತಿರುತ್ತಾನೆ, ನಾನು ಅತ್ತ ನೋಡುವುದನ್ನೇ ಬಿಟ್ಟಿದ್ದೇನೆ. ಏಸಿಯ ಗಾಳಿ ನೇರ ನನ್ನ ನೆತ್ತಿಗೆ ಬೀಳುತ್ತಿದೆ. ಸಾಂತಾಕ್ರೂಜಿನ ಈ ಹೋಟೆಲಿನೊಳಗೆ ವಿಮಾನದ ಸದ್ದು ಕೇಳಿಸುವುದಿಲ್ಲ, ಗಾಜಿನಾಚೆ ಅದರ ಹೊಟ್ಟೆ ಮಾತ್ರ ಕಾಣುತ್ತದೆ, ಸದ್ದಿಲ್ಲದೆ ಇಳಿಯುತ್ತದೆ. ಬಲಕ್ಕೆ ವಂದನಾ ವೈನಿ ಕೂತಿದ್ದಾರೆ, ನನ್ನ ಗೆಳೆಯ ಸೋಮನಾಥನ ಹೆಂಡತಿ, ಅವನು ತೀರಿಕೊಂಡ ಎರಡು ವರ್ಷದಲ್ಲಿ ಮೊದಲ ಸಲ ರೇಷ್ಮೆ ಅಂಚಿನ ಸೀರೆ ಉಟ್ಟಿದ್ದಾರೆ, ನನಗಾಗಿ ಉಟ್ಟಿದ್ದಾರೆ, ಅಣ್ಣಾರಿಗೆ ಸನ್ಮಾನ ಐತಿ ಅಂದ್ರ ನಾ ಹಳೇದು ಉಟಗೊಂಡು ಬರೂದಾ, ಅಂದರಂತೆ ನನ್ನ ಹೆಂಡತಿ ರುದ್ರವ್ವನಿಗೆ, ರುದ್ರವ್ವ ಮೊಣಕಾಲು ಆಪರೇಶನ್ ಮಾಡಿಸಿಕೊಂಡು ಮಲಗಿದ್ದಾಳೆ, ನನ್ನ ಬದಲಿ ನೀವು ಹೋಗಿ ಬರ್ರಿ ವಂದನಾ, ಇವರು ಒಬ್ಬರ ಹೋದ್ರ ಪ್ಲೇಟ್ ಹಿಡಕೊಂಡು ಮೂಲ್ಯಾಗ ನಿಲ್ತಾರ, ಎಂದು ಕಳಿಸಿದ್ದಾಳೆ. ವೈನಿಯ ಆಚೆ ಅವರ ಮಗ ಕಿಶೋರ. ಕಿಶೋರ ಎರಡು ಬೆರಳಿನಿಂದ ಕತ್ತಿನ ಹಿಂಭಾಗವನ್ನು ಒತ್ತಿಕೊಳ್ಳುತ್ತಿದ್ದಾನೆ. ಮತ್ತೆ ಒತ್ತಿಕೊಳ್ಳುತ್ತಿದ್ದಾನೆ.

ವೇದಿಕೆಯ ಮೇಲಿನ ಬ್ಯಾನರಿನಲ್ಲಿ ಇಂಗ್ಲಿಷೂ ಮರಾಠಿಯೂ ಇವೆ, ಹೃದಯದ ಆರೋಗ್ಯಕ್ಕೆ ದುಡಿದ ಬಸ್ತಿ-ಚಾಳುಗಳ ಮಂದಿಗೆ ಗೌರವ, ಆರು ಜನ ನಾವು, ವಿಕ್ರೋಳಿಯಿಂದ ಒಬ್ಬಳು ತರಕಾರಿ ಮಾರುವಾಕೆ, ಒಬ್ಬ ನಿವೃತ್ತ ಮಾಸ್ತರ, ಉಳಿದವರ ಹೆಸರು ಮರೆತೆ, ನನ್ನ ಹೆಸರು ನಾಲ್ಕನೆಯದು. ಈ ಸನ್ಮಾನ ಮಾಡುತ್ತಿರುವ ಟ್ರಸ್ಟಿನ ಮಾಧುರಿ ಮೈಕಿನ ಹತ್ತಿರ ಓಡಾಡುತ್ತಿದ್ದಾಳೆ, ಅವಳೇ ಎರಡು ವರ್ಷದ ಹಿಂದೆ ನನ್ನ ಸಲೂನಿನ ಬಾಗಿಲಿಗೆ ಬಂದು ನಿಂತದ್ದು, ಕೈಯಲ್ಲಿ ಬಿಪಿ ನೋಡುವ ಮಶೀನಿನ ಬಿಳಿ ಪೆಟ್ಟಿಗೆ, ಕಾಕಾ, ಮರ್ದ್ ಲೋಗ್ ದವಾಖಾನೆ ನಹೀ ಜಾತೆ, ಪಣ ತುಮಚ್ಯಾ ಖುರ್ಚೀವರ ಶಾಂತ ಬಸತಾತ. ಹೌದು, ಅವಳು ಹೇಳಿದ್ದು ಖರೆ, ದವಾಖಾನೆಗೆ ಹೋಗದವರೂ ನನ್ನ ಕುರ್ಚಿಯಲ್ಲಿ ಶಾಂತ ಕೂಡುತ್ತಾರೆ, ಗಂಡಸರು ಎಲ್ಲಿ ಸುಮ್ಮನೆ ಕೂಡುತ್ತಾರೆ, ಹೆಂಡತಿಯ ಮುಂದೆ ಕೂಡುವುದಿಲ್ಲ, ಡಾಕ್ಟರ ಮುಂದೆ ಕೂಡುವುದಿಲ್ಲ, ಗಂಟಲ ಮೇಲೆ ರೇಜರು ಇಟ್ಟಾಗ ಕೂಡುತ್ತಾರೆ. ಮುನಸಿಪಾಲ್ಟಿ ಶಾಲೆಯಲ್ಲಿ ಎರಡು ದಿನ ಕಲಿಸಿದರು, ಪಟ್ಟಿಯನ್ನು ಮೊಣಕೈಯಿಂದ ಎರಡು ಬೆರಳು ಮೇಲೆ ಸುತ್ತಬೇಕು, ಕಾಲ ಮೇಲೆ ಕಾಲು ಹಾಕಬಾರದು, ಮಾತಾಡಬಾರದು, ಮೇಲಿನ ಅಂಕಿ ನೂರಾ ಎಂಬತ್ತು ದಾಟಿದರೆ ಅಥವಾ ಕೆಳಗಿನದು ನೂರಾ ಹತ್ತು ದಾಟಿದರೆ ಅವತ್ತೇ ಮಾಧುರಿಗೆ ಫೋನು, ಅವಳು ಆ ಮನುಷ್ಯನ ಮನೆಗೆ ಫೋನು ಮಾಡುತ್ತಾಳೆ, ದವಾಖಾನೆಗೆ ಕರೆದೊಯ್ಯುತ್ತಾಳೆ. ಉದ್ದನೆಯ ರಿಜಿಸ್ಟರು ಕೊಟ್ಟರು. ಒಂದು ಕಟ್ಟು ಚೀಟಿಯನ್ನೂ ಕೊಟ್ಟರು, ಅಂಕಿ ಬರೆದು ಗಿರಾಕಿಯ ಕೈಗೆ ಕೊಡಲು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಆದರೆ ಅಕ್ಷರ ದುಂಡಗೆ ಬರೆಯುತ್ತೇನೆ, ಮಾಧುರಿ ಉಳಿದ ಸಲೂನಿನವರಿಗೆ ನನ್ನ ರಿಜಿಸ್ಟರನ್ನೇ ತೋರಿಸುತ್ತಾಳಂತೆ, ಅಸಂ ಲಿಹಾ, ಸಂಗಪ್ಪಾ ಕಾಕಾಂಸಾರಖಂ, ಸಂಗಪ್ಪ ಕಾಕಾನ ಹಾಗೆ ಬರೆಯಿರಿ ಎಂದು.

ಮಶೀನು ಬಂದು ಆರು ದಿನವಾಗಿತ್ತು. ಐತವಾರ. ಸೋಮನಾಥ ಪ್ರತಿ ಐತವಾರ ಒಂಬತ್ತಕ್ಕೆ ಬರುತ್ತಾನೆ, ಬರುತ್ತಿದ್ದ, ವಿಕ್ರೋಳಿಯ ಫ್ಯಾಕ್ಟರಿಯಲ್ಲಿ ಕ್ರೇನ್ ನಡೆಸುವವನು, ನಮ್ಮ ಸಿಂದಗಿ ಕಡೆಯವನೇ, ಒಂದೇ ಚಾಳಿನಲ್ಲಿ ಬಾಗಿಲಿಗೆ ಬಾಗಿಲು, ನನ್ನನ್ನು ಸಂಗ್ಯಾ ಎನ್ನುವವನು ಮುಂಬಯಿಯಲ್ಲಿ ಅವನೊಬ್ಬನೇ. ನೊರೆ ಹಚ್ಚುವ ಮೊದಲು ತೋಳು ಕೊಡು ಅಂದೆ. ಏನೋ ಸಂಗ್ಯಾ, ಡಾಕ್ಟರ್ ಆದ್ಯಾ, ಎಂದು ನಕ್ಕ, ನಗುತ್ತಲೇ ತೋಳು ಚಾಚಿದ. ಪಟ್ಟಿ ಉಬ್ಬಿತು, ಅಂಕಿ ಏರಿತು, ಇಳಿಯಿತು, ನಿಂತಿತು, ನೂರಾ ತೊಂಬತ್ತೆಂಟು, ಕೆಳಗೆ ನೂರಾ ಹದಿನೆಂಟು. ಮತ್ತೊಮ್ಮೆ ನೋಡಿದೆ. ಅಷ್ಟೇ. ನನ್ನ ಮುಖ ಕನ್ನಡಿಯಲ್ಲಿ ಅವನಿಗೆ ಕಂಡಿರಬೇಕು, ಏನಾತು, ಅಂದ, ಹೇಳಿದೆ, ಅವನು ಮೆಲ್ಲಗೆ, ಪಕ್ಕದ ಕುರ್ಚಿಯವನಿಗೆ ಕೇಳದ ಹಾಗೆ, ಬರೀಬ್ಯಾಡ ಸಂಗ್ಯಾ. ಬರದ್ರ ಆ ಟ್ರಸ್ಟಿನ ಬಾಯಿ ಮನಿಗಿ ಫೋನ್ ಹಚ್ಚತಾಳ, ನಿಮ್ಮ ವೈನಿ ಅಳಕೋತ ಕೂಡತಾಳ, ಫ್ಯಾಕ್ಟರಿಯಾಗ ಗೊತ್ತಾದ್ರ ನನ್ನ ಕ್ರೇನ್ ಮ್ಯಾಲಿಂದ ಇಳಸ್ತಾರ, ಇನ್ನ ಎರಡ ಐತವಾರಕ್ಕ ಮಗಳು ರಂಜನಾನ ನಿಶ್ಚಯ ಐತಿ, ಬೀಗರ ಮುಂದ ಬ್ಯಾನಿ ಬಿದ್ದ ಅಪ್ಪ ಅನಿಸಿಕೊಳ್ಳೂದು ಬ್ಯಾಡ. ಹದಿನೈದ ದಿನ ತಡಕೋ. ನಿಶ್ಚಯ ಮುಗದ ಮರುದಿನ ನೀನ ಕರಕೊಂಡು ನಡಿ, ಯಾವ ದವಾಖಾನಿ ಅಂತೀಯೋ ಆ ದವಾಖಾನಿ. ನಾನು ಪೆನ್ನು ಹಿಡಿದು ನಿಂತಿದ್ದೆ. ಬರೆಯದೆ ಬಿಡಬಹುದಿತ್ತು, ಸಾಲು ಖಾಲಿ ಬಿಡಬಹುದಿತ್ತು, ಆದರೆ ಅವನ ಹೆಸರನ್ನು ಆಗಲೇ ಬರೆದಿದ್ದೆ, ದುಂಡಗೆ, ನೂರಾ ಇಪ್ಪತ್ತು ಎಂಬತ್ತು ಎಂದು ಬರೆದರೆ ಐವತ್ತನಾಲ್ಕು ವಯಸ್ಸಿನ ಕ್ರೇನಿನವನಿಗೆ ಸುಳ್ಳೆನಿಸುತ್ತದೆ, ನೂರಾ ಅರವತ್ತು ಎಂದರೆ ಮಾಧುರಿ ಪ್ರಶ್ನೆ ಕೇಳುತ್ತಾಳೆ, ಸ್ವಲ್ಪ ಹೆಚ್ಚಿರಬೇಕು, ಯಾರೂ ಅಂಜದಷ್ಟು — ನೂರಾ ಮೂವತ್ತೆಂಟು, ಎಂಬತ್ತೆಂಟು. ಅವನು ಬರೀಬ್ಯಾಡ ಎಂದಿದ್ದ, ಅಷ್ಟೇ, ಅಂಕಿ ಹುಡುಕಿದವನು ನಾನು. ಎಷ್ಟು ಚೆಂದ ಹುಡುಕಿದೆ. ಚೀಟಿಯ ಮೇಲೂ ಅದನ್ನೇ ಬರೆದು ಕೊಟ್ಟೆ, ಅವನು ಅದನ್ನು ಅಂಗಿಯ ಜೇಬಿಗೆ ಇಟ್ಟುಕೊಂಡ, ಇದನ್ನ ನಿಮ್ಮ ವೈನಿಗೆ ತೋರಸ್ತೀನಿ, ದಿನಾ ತೆಲಿ ತಿಂತಾಳ, ಅಂದ. ಆಮೇಲೆ ನೊರೆ ಹಚ್ಚಿದೆ, ದವಡೆಯ ಕೆಳಗಿನ ಮಚ್ಚೆಯನ್ನು ಉಳಿಸಿಕೊಂಡು ಬ್ಲೇಡು ಎಳೆದೆ, ಆ ಮಚ್ಚೆ ನನ್ನ ಬೆರಳಿಗೆ ಗೊತ್ತು, ಕಣ್ಣು ಮುಚ್ಚಿದರೂ ಗೊತ್ತು, ಈಗಲೂ ಬೇರೆ ಯಾರದೋ ಗಡ್ಡ ಮಾಡುವಾಗ ಆ ಜಾಗ ಬಂದರೆ ಬೆರಳು ತಾನಾಗಿ ತಡೆಯುತ್ತದೆ, ಅಲ್ಲಿ ಮಚ್ಚೆಯಿಲ್ಲ, ಬರೀ ಚರ್ಮ, ಚರ್ಮದ ಕೆಳಗೆ ನಾಡಿ ಹೊಡೆದುಕೊಳ್ಳುತ್ತಿರುತ್ತದೆ.

ದೀಪ ಆರಿಸಿದರು. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಫೋಟೋಗಳು ಬರುತ್ತಿವೆ, ವಿಕ್ರೋಳಿಯ ತರಕಾರಿಯಾಕೆ ತಕ್ಕಡಿಯ ಪಕ್ಕ ಮಶೀನು ಇಟ್ಟುಕೊಂಡು ಕೂತದ್ದು, ಮಾಸ್ತರು ಗಾರ್ಡನ್ನಿನಲ್ಲಿ ಮುದುಕರನ್ನು ನಡೆಸುತ್ತಿರುವುದು, ಆಮೇಲೆ ನನ್ನ ಸಲೂನು, ನನ್ನ ಕುರ್ಚಿ, ಚಪ್ಪಾಳೆ, ಮಾಧುರಿ ಮೈಕಿನಲ್ಲಿ ಹೇಳುತ್ತಿದ್ದಾಳೆ, ಎರಡು ಸಾವಿರದ ನೂರಾ ನಲವತ್ತು ಜನರ ತಪಾಸಣೆ, ಮುನ್ನೂರಾ ಹನ್ನೆರಡು ಜನ ದವಾಖಾನೆಗೆ, ಒಂದು ಸಾಲೂ ಬಿಟ್ಟುಹೋಗಿಲ್ಲ, ಹೇ ಬಘಾ ಕಾಕಾಂಚಂ ರಜಿಸ್ಟರ್ — ಪರದೆಯ ಮೇಲೆ ಪುಟ. ಮೊಬೈಲ್ ನಂಬರುಗಳ ಮೇಲೆ ಕರಿ ಪಟ್ಟಿ ಎಳೆದಿದ್ದಾರೆ, ಹೆಸರು ಹಾಗೇ ಇವೆ, ಅಂಕಿ ಹಾಗೇ ಇವೆ, ಮೊದಲ ಪುಟ, ಎಲ್ಲ ಬಿಟ್ಟು ಮೊದಲ ಪುಟವನ್ನೇ ಯಾಕೆ ಹಾಕಿದಳು, ಮೊದಲ ಪುಟದ ಅಕ್ಷರ ಹೆಚ್ಚು ದುಂಡಗಿವೆ, ಅದಕ್ಕೇ, ಕೆಳಗಿನಿಂದ ಮೂರನೆಯ ಸಾಲು, ಸೋಮನಾಥ, ಐವತ್ತನಾಲ್ಕು, 138/88, ನನ್ನ ಕೈಬರಹ ಮನುಷ್ಯನಷ್ಟು ಎತ್ತರ ನಿಂತಿದೆ, ಮೂರಕ್ಕೆ ನಾನು ಹಾಕುವ ಆ ಸಣ್ಣ ಬಾಲ ಕೂಡ ಕಾಣುತ್ತಿದೆ. ವೈನಿ ನನ್ನ ತೋಳು ಮುಟ್ಟಿದರು. ಅಣ್ಣಾರ, ಅಲ್ಲಿ ನೋಡ್ರಿ, ಅವರ ಹೆಸರು, ನೋಡ್ರಿ, ಕಿಶೋರ, ಪಪ್ಪಾನ ಹೆಸರು ನೋಡೋ. ಕತ್ತಲಲ್ಲಿ ಅವರ ಮುಖ ಪರದೆಯ ಬೆಳಕಿಗೆ ಬೆಳ್ಳಗಾಗಿದೆ, ಅಳುತ್ತಿದ್ದಾರೆ, ನಗುತ್ತಲೂ ಇದ್ದಾರೆ, ಇಷ್ಟ ಮಂದಿಯಾಗ ಅವರ ಹೆಸರು ಬಂತು. ನನ್ನ ಎದೆ ಹೊಡೆದುಕೊಳ್ಳುವುದು ನನಗೆ ಕೇಳಿಸುತ್ತಿದೆ, ಈಗ ಯಾರಾದರೂ ನನಗೆ ಪಟ್ಟಿ ಸುತ್ತಬೇಕು.

ಮುಂದಿನ ಐತವಾರವೂ ಬಂದಿದ್ದ ಅವನು, ಕೂಡುವಾಗಲೇ ಮಶೀನಿನ ಕಡೆ ನೋಡಿ, ಅದನ್ನ ಒಳಗ ಇಡು, ಇನ್ನ ಏಳ ದಿನ, ಅಂದ, ನಾನು ಒಳಗೆ ಇಟ್ಟೆ, ಒಳಗೆ ಇಟ್ಟೆ, ಗುರುವಾರ ಚಹದ ಹೊತ್ತಿಗೆ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಮೇಜಿನ ಅಂಚು ಹಿಡಿದುಕೊಂಡು ಕೆಳಗೆ ಕೂತನಂತೆ, ದವಾಖಾನೆ ಮುಟ್ಟುವ ಮೊದಲೇ ಮುಗಿದಿತ್ತು, ಹೃದಯಾಘಾತ ಎಂದರು. ಹನ್ನೊಂದು ದಿನ. ಸ್ಮಶಾನದಲ್ಲಿ ಕಿಶೋರನ ತಲೆ ಬೋಳಿಸಲು ಬೇರೆ ಯಾರನ್ನಾದರೂ ಕರೆಯಬಹುದಿತ್ತು, ವೈನಿ ಕೇಳಲಿಲ್ಲ, ಅಣ್ಣಾರ ಕೈಲೇ ಆಗಲಿ, ಅವರ ಕೈ ಅಂದ್ರ ಇವರಿಗೆ ಭಾಳ ಸೇರ್ತಿತ್ತು. ಹಸಿ ನೆತ್ತಿಯ ಮೇಲೆ ಬ್ಲೇಡು ಇಟ್ಟೆ, ಮೂವತ್ತು ವರ್ಷದಲ್ಲಿ ಮೊದಲ ಸಲ ನನ್ನ ಕೈ ತಪ್ಪಿತು, ಕಿವಿಯ ಮೇಲೆ ಸಣ್ಣ ಗಾಯ, ರಕ್ತ, ಆ ಹುಡುಗ ಮಿಸುಕಲಿಲ್ಲ, ಲಗಾ ನಹೀ ಕಾಕಾ, ನೋವಾಗಿಲ್ಲ, ಅಂದ. ಒಂಬತ್ತನೆಯ ದಿನ ವೈನಿ ಆ ಅಂಗಿ ಒಗೆಯಲು ತೆಗೆದಾಗ, ಅವನು ಅಂದೇ ತೋರಿಸಿದ್ದ ಚೀಟಿ ಜೇಬಿನಲ್ಲಿ ಮತ್ತೆ ಸಿಕ್ಕಿದೆ. ಅಂದಿನಿಂದ ಶುರು. ಬಂದವರಿಗೆಲ್ಲ ತೋರಿಸುತ್ತಾರೆ, ನೋಡ್ರಿ, ಸಂಗಪ್ಪಣ್ಣಾರು ಹನ್ನೊಂದ ದಿನದ ಹಿಂದನ ತಪಾಸಿದ್ರು, ಬರೋಬರಿ ಇತ್ತು, ಯಾರದೂ ತಪ್ಪಿಲ್ಲ, ಋಣ ಇಷ್ಟ ಇತ್ತು. ರುದ್ರವ್ವನೂ ಅದನ್ನೇ ನಂಬಿದ್ದಾಳೆ. ಯಾರದೂ ತಪ್ಪಿಲ್ಲ ಎನ್ನುವಾಗ ವೈನಿ ನನ್ನ ಕಡೆ ನೋಡುತ್ತಾರೆ, ನನಗೆ ಸಮಾಧಾನ ಹೇಳುವವರ ಹಾಗೆ, ಆ ನೋಟಕ್ಕೆ ಅಂಜಿಯೇ ನಾನು ಎರಡು ಸಾವಿರ ತೋಳಿಗೆ ಪಟ್ಟಿ ಸುತ್ತಿದೆ, ಸೋಮವಾರ ರಜೆಯ ದಿನವೂ ಅಂಗಡಿ ತೆರೆದೆ, ಸ್ಟೇಷನ್ನಿನ ರಿಕ್ಷಾ ಸ್ಟ್ಯಾಂಡಿಗೆ ಹೋಗಿ ನಿಂತೆ, ಜನ ಎಂಥ ಸೇವೆ ಎಂದರು, ಮಾಧುರಿ ಬರೆದುಕೊಂಡಳು, ಗೆಳೆಯನ ಸಾವಿನಿಂದ ಪ್ರೇರಣೆ — ಅದನ್ನೇ ಈಗ ಮೈಕಿನಲ್ಲಿ ಓದುತ್ತಿದ್ದಾಳೆ, ಮಿತ್ರಾಚ್ಯಾ ನಿಧನಾನಂತರ, ನನ್ನ ಹೆಸರು ಕರೆದರು, ಎಲ್ಲರೂ ತಿರುಗಿ ನೋಡುತ್ತಿದ್ದಾರೆ, ಎದ್ದೆ.

ಶಾಲು ಹೆಗಲಿನಿಂದ ಜಾರುತ್ತಿದೆ. ಕೈಯಲ್ಲಿ ಗಾಜಿನ ಹೃದಯ, ಭಾರ, ತಣ್ಣಗೆ, ಒಳಗೆ ಕೆಂಪು ಬಣ್ಣದ ಒಂದು ಗೆರೆ ಏರಿ ಇಳಿದಿದೆ. ದೋನ್ ಮಿನಿಟ್ ಬೋಲಾ ಕಾಕಾ, ಮಾಧುರಿ ಮೈಕನ್ನು ನನ್ನ ಬಾಯಿಗೆ ತಗ್ಗಿಸಿದಳು. ಬೆಳಕಿನಾಚೆ ಸಭೆಯಲ್ಲಿ ಯಾರ ಮುಖವೂ ಕಾಣುವುದಿಲ್ಲ, ಒಳ್ಳೆಯದೇ, ಹೇಳಬಹುದು, ಈಗ ಹೇಳಿದರೆ ಒಂದೇ ಸಲಕ್ಕೆ ಎಲ್ಲರಿಗೂ ಹೇಳಿದ ಹಾಗೆ, ಸೋಮನಾಥ ಅಂತ ನನ್ನ ಗೆಳೆಯ ಇದ್ದ ಎಂದು ಶುರು ಮಾಡಬೇಕು, ಬಾಯಿ ತೆರೆದೆ, ಮೇರಾ ಏಕ್ ಕಸ್ಟಮರ್ ಹೈ, ಪ್ರೀತಮ್ — ಸೋಮನಾಥನ ಬದಲು ಬಾಯಿಗೆ ಪ್ರೀತಮ್ ಬಂದ. ರಿಕ್ಷಾ ಓಡಿಸುವ ಪ್ರೀತಮ್, ಇನ್ನೂರಾ ಹತ್ತು ಇತ್ತು, ಅರ್ಧ ಗಡ್ಡದಲ್ಲೇ ಎಬ್ಬಿಸಿ ಬೇರೆಯವನ ರಿಕ್ಷಾದಲ್ಲಿ ಕರೆದೊಯ್ದೆ, ಒಂದು ಕೆನ್ನೆಗೆ ನೊರೆ ಹಾಗೇ ಇತ್ತು, ನರ್ಸು ನಕ್ಕಳು, ಈಗ ದಿನಾ ಗುಳಿಗೆ ತಗೊಳ್ತಾನೆ, ಉಪ್ಪು ಕಮ್ಮಿ ಮಾಡಿದಾನೆ, ಅಂದೆ, ಸಭೆ ನಕ್ಕಿತು, ಚಪ್ಪಾಳೆ, ಎಲ್ಲ ಖರೆಯೇ, ಒಂದಕ್ಷರ ಸುಳ್ಳಿಲ್ಲ, ಆದರೂ ಪ್ರತಿ ಮಾತಿನ ಹಿಂದೆ ಇನ್ನೊಬ್ಬ ಕೂತು ನಗುತ್ತಿದ್ದ, ಡಾಕ್ಟರ್ ಆದ್ಯಾ ಸಂಗ್ಯಾ. ಕೆಳಗಿಳಿದೆ. ಮೆಟ್ಟಿಲು ಮೂರೋ ನಾಲ್ಕೋ. ವೈನಿ ಎದ್ದು ನಿಂತು ಕೈಮುಗಿದರು.

ಊಟಕ್ಕೆ ಗುಂಡಗಿನ ಮೇಜುಗಳು, ಬಿಳಿ ಬಟ್ಟೆ. ವೈನಿ ಅನ್ನಕ್ಕೆ ದಾಲ್ ಕಲಸುತ್ತಿದ್ದಾರೆ, ಭಾಳ ಛಲೋ ಮಾತಾಡಿದ್ರಿ ಅಣ್ಣಾರ, ಕಿಶೋರ ತಟ್ಟೆ ಮುಟ್ಟಿಲ್ಲ, ಜೇಬಿನಿಂದ ಗುಳಿಗೆಯ ಪಟ್ಟಿ ತೆಗೆದು ಒಂದನ್ನು ನೀರಿಲ್ಲದೆ ನುಂಗಿದ. ಏನೋ ಅದು, ಅಂದೆ. ತಲಿನೋವಿಂದು ಕಾಕಾ, ರೋಜ್ ಮುಂಜಾನೆ ಬರತದ, ಪೀಛೆ, ಇಧರ್, ಎಂದು ಕತ್ತಿನ ಹಿಂದೆ ಮುಟ್ಟಿ ತೋರಿಸಿದ. ಎಷ್ಟು ದಿನಾತು. ದೋ ತೀನ್ ಮಹಿನಾ. ವೈನಿ ಹೇಳಿದರು, ರಾತ್ರಿಪಾಳಿ ಮಾಡತಾನಲ್ರಿ, ನಿದ್ದಿ ಇಲ್ಲ. ನಾನು ಅಂದೆ, ನಾಳೆ ಅಂಗಡಿಗೆ ಬಾ, ತೋಳು ಹಿಡಿ, ಒಂದ ನಿಮಿಷದ ಕೆಲಸ. ಎಷ್ಟು ಸಲ ಕರೆದಿದ್ದೇನೆ ಇವನನ್ನು, ಕೂದಲು ಬೇರೆ ಕಡೆ ಮಾಡಿಸುತ್ತಾನೆ, ಸ್ಟೇಷನ್ನಿನ ಹತ್ತಿರ ಯಾವುದೋ ಏಸಿ ಸಲೂನಿನಲ್ಲಿ, ಒಂದು ದಿನವೂ ನನ್ನ ಕುರ್ಚಿಯಲ್ಲಿ ಕೂತಿಲ್ಲ, ಅವನು ನಕ್ಕ, ಅಪ್ಪನದೇ ನಗು, ಛೋಡೋ ನಾ ಕಾಕಾ, ಪಪ್ಪಾ ಕಾ ನಾರ್ಮಲ್ ಥಾ ನಾ, ಮತ್ತ ಏನಾಯ್ತು, ಮಶೀನ್ ಸೆ ಕುಛ್ ನಹೀ ಹೋತಾ. ವೈನಿಯೂ ತಲೆಯಾಡಿಸಿದರು, ಬಿಡ್ರಿ ಅಣ್ಣಾರ, ಅವರದು ಬರೋಬರಿ ಇದ್ದೂ ಹೋದ್ರಲ್ಲ, ತಪಾಸಿ ಏನ್ ಮಾಡೂದೈತಿ. ಆಗ ನನ್ನೊಳಗೆ ಏನೋ ನಿಂತುಹೋಯಿತು, ಅಂಜಿಕೆಯೇ ಇರಬೇಕು, ಎರಡು ವರ್ಷ ಅಂಜಿ ಅಂಜಿ ಸವೆದದ್ದು, ಆ ಅಂಕಿ ಸತ್ತವನದಷ್ಟೇ ಎಂದು ತಿಳಿದಿದ್ದೆ, ಅದು ಬದುಕಿದೆ, ಈ ಮೇಜಿಗೆ ಬಂದು ಕೂತಿದೆ, ಈ ಹುಡುಗನ ಹಿಂಗತ್ತಿನಲ್ಲಿ ಕೂತಿದೆ. ಬರೋಬರಿ ಇದ್ದಿಲ್ಲ ವೈನಿ, ಅಂದೆ. ಅವರಿಗೆ ಕೇಳಿಸಲಿಲ್ಲ, ಪಕ್ಕದ ಮೇಜಿನಲ್ಲಿ ಯಾರೋ ಫೋಟೋ ತೆಗೆಯುತ್ತ ಕೂಗುತ್ತಿದ್ದರು, ಮತ್ತೆ ಹೇಳಬೇಕಾಯಿತು. ಸೋಮೂದು ಬರೋಬರಿ ಇದ್ದಿಲ್ಲ. ನಾ ಸುಳ್ಳ ಬರದೀನಿ. ಅಂವ ಬರೀಬ್ಯಾಡ ಅಂದ, ನಿಶ್ಚಯ ಆಗೂತನಕ ತಡಿ ಅಂದ, ನಾ ತಡದೆ. ಆ ಚೀಟಿ ಸುಳ್ಳ. ಪರದೆ ಮ್ಯಾಲ ನೋಡಿದ್ರಲ್ಲ, ಅದೂ ಸುಳ್ಳ.

ವೈನಿಯ ಬೆರಳುಗಳು ಅನ್ನದಲ್ಲೇ ಇವೆ. ಎಷ್ಟಿತ್ತು, ಕೇಳಿದರು, ಮೆಲ್ಲಗೆ, ಬಾಜಾರದಲ್ಲಿ ಏನನ್ನೋ ವಿಚಾರಿಸುವವರ ಹಾಗೆ. ಹೇಳಿದೆ. ಕೆಳಗಿಂದು. ಅದನ್ನೂ ಹೇಳಿದೆ. ನೂರಾ ತೊಂಬತ್ತೆಂಟು, ನೂರಾ ಹದಿನೆಂಟು, ಎಂದು ತಾವೇ ಒಮ್ಮೆ ಅಂದುಕೊಂಡರು, ಬಾಯಿಪಾಠ ಮಾಡುವ ಮಗುವಿನಂತೆ. ಕಿಶೋರ ಎದ್ದು ನಿಂತಿದ್ದಾನೆ, ಕುರ್ಚಿ ಹಿಂದಕ್ಕೆ ಸರಿದ ಸದ್ದಿಗೆ ಮಂದಿ ತಿರುಗಿದರು, ಹೊಡೆಯುತ್ತಾನೆ ಎಂದುಕೊಂಡೆ, ಹೊಡೆಯಲಿ, ಹೊಡೆದರೆ ಎಷ್ಟು ಒಳ್ಳೆಯದು, ಅವನು ಹೊಡೆಯಲಿಲ್ಲ, ಮಮ್ಮಿ, ಚಲ್, ಅಂದ. ವೈನಿ ಏಳಲಿಲ್ಲ. ನನ್ನ ಕಡೆ ನೋಡದೆ, ತಟ್ಟೆಯ ಕಡೆ ನೋಡುತ್ತ, ಹನ್ನೊಂದ ದಿನ ನಾ ಅವರ ಡಬ್ಬಿಗೆ ಉಪ್ಪಿನಕಾಯಿ ಹಾಕೀನಿ, ಅಂದರು. ಬ್ಯಾಡ ಅಂತಿದ್ರು, ಇನ್ನಷ್ಟು ತಗೋರಿ ಅಂತ ನಾನ ಹಾಕೀನಿ. ಚೀಟಿ ನೋಡಿ ಹಾಕೀನಿ ಅಣ್ಣಾರ. ನನಗ ಗೊತ್ತಿದ್ರ ಆ ನಿಶ್ಚಯ ಬೆಂಕ್ಯಾಗ ಹಾಕ್ತಿದ್ದೆ. ಅಷ್ಟು ಹೇಳಿ ಕೈ ತೊಳೆಯಲೂ ಹೋಗದೆ, ಸೆರಗಿನಲ್ಲೇ ಬೆರಳು ಒರೆಸಿಕೊಂಡರು, ರೇಷ್ಮೆಯ ಅಂಚಿಗೆ ಹಳದಿ ಹತ್ತಿತು, ಎದ್ದರು. ಬಾಗಿಲವರೆಗೆ ಅವರ ಬೆನ್ನು ಕಾಣಿಸಿತು. ನಾನು ಹಿಂದೆ ಹೋಗಲಿಲ್ಲ, ಮಾಧುರಿ ಬಂದು ಕಾಕಾ, ಗ್ರೂಪ್ ಫೋಟೋ, ಅಂದಳು, ಹೋಗಿ ನಿಂತೆ, ತುದಿಯಲ್ಲಿ, ಆ ಫೋಟೋದಲ್ಲಿ ನಾನು ನಗುತ್ತಿದ್ದೇನೆ.

ಲೋಕಲಿನಲ್ಲಿ ಗಾಜಿನ ಹೃದಯವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ, ದಾದರಿನಲ್ಲಿ ಇಳಿದು ಹತ್ತುವಾಗ ಒಬ್ಬ ಹೆಣ್ಣುಮಗಳು ಕ್ಯಾ ಜೀತಾ ಅಂಕಲ್, ಏನು ಗೆದ್ದಿರಿ, ಎಂದು ಕೇಳಿದಳು, ಅದನ್ನು ಶಾಲಿನಲ್ಲಿ ಸುತ್ತಿಕೊಂಡೆ. ರುದ್ರವ್ವನಿಗೆ ಹೇಳಿದೆ, ಅವಳು ಗೋಡೆಯ ಕಡೆ ಹೊರಳಿ ಮಲಗಿದಳು, ಮೂರನೆಯ ದಿನ ನಾನು ಕೊಟ್ಟ ಚಹ ಕುಡಿದು ಲೋಟ ಇಡುತ್ತ, ನನಗರ ಹೇಳಬೇಕಿತ್ತು, ಅಂದಳು, ಅಷ್ಟೇ. ಮಾಧುರಿಗೆ ಫೋನು ಮಾಡಿ ಎಲ್ಲ ಹೇಳಿದೆ, ಕಾಕಾ, ವರ ಸಾಂಗಾವಂ ಲಾಗೇಲ್, ಅಂದಳು, ಮೇಲಿನವರಿಗೆ ಹೇಳು ತಾಯಿ, ಹೇಳಲೇಬೇಕು, ಆ ಹೃದಯ ವಾಪಸ್ ತಗೊಂಡು ಹೋಗು ಅಂದೆ, ಅವಳು, ರಜಿಸ್ಟರ್ ಬಂದ ಕರೂ ನಕಾ, ಲೋಕ ಯೇತೀಲ್, ಅಂದಳು, ಅಂದರೆ ನಿಲ್ಲಿಸಬ್ಯಾಡ, ಮಂದಿ ಬರತಾರ. ರಿಜಿಸ್ಟರಿನ ಮೊದಲ ಪುಟ ತೆರೆದು ಕೆಳಗಿನಿಂದ ಮೂರನೆಯ ಸಾಲಿಗೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಖರೆ ಅಂಕಿ ಬರೆದು ಸಹಿ ಹಾಕಿದೆ, ಇಂದಿನ ತಾರೀಖು. ಗೆರೆಯ ಕೆಳಗೆ ಹಳೆಯದು ಇನ್ನೂ ಓದಲು ಬರುತ್ತದೆ. ಎದುರು ಬಾಗಿಲು ಮುಚ್ಚಿಯೇ ಇದೆ, ಕುಕ್ಕರಿನ ಸೀಟಿ ಕೇಳುತ್ತದೆ, ನಲ್ಲಿಯ ನೀರು ಬಿದ್ದ ಸದ್ದು ಕೇಳುತ್ತದೆ, ವೈನಿಯ ಬಳೆ, ಆ ಬಾಗಿಲ ಮುಂದೆ ಚಪ್ಪಲಿ ಹಾಕಿಕೊಳ್ಳುವಾಗ ನಾನು ಕೆಮ್ಮುವುದನ್ನೂ ತಡೆಯುತ್ತೇನೆ.

ಐತವಾರ. ಅಂಗಡಿ ತುಂಬಿದೆ, ಬೆಂಚಿನ ಮೇಲೆ ನಾಲ್ಕು ಜನ, ರೇಡಿಯೋ, ನೊರೆಯ ವಾಸನೆ, ಯಾರದೋ ಗಲ್ಲಕ್ಕೆ ಪಟಿಕದ ಕಲ್ಲು ಉಜ್ಜುತ್ತಿದ್ದೇನೆ, ಕನ್ನಡಿಯಲ್ಲಿ ಬಾಗಿಲು ಕಾಣುತ್ತದೆ, ಬಾಗಿಲಲ್ಲಿ ಕಿಶೋರ. ಒಂದು ಕ್ಷಣ ಸೋಮನಾಥನೇ ಎಂದುಕೊಂಡೆ, ಒಂಬತ್ತಾಗಿತ್ತು. ಬೆಂಚಿನ ತುದಿಯಲ್ಲಿ ಕೂತ, ಸರದಿ ಕಾದ, ಯಾರ ಮುಖವನ್ನೂ ನೋಡಲಿಲ್ಲ. ಕುರ್ಚಿಗೆ ಬಂದವನಿಗೆ ನಾನು ಬಟ್ಟೆ ಹೊದಿಸಲು ಹೋದೆ, ಬೇಡವೆಂದು ಕೈ ಎತ್ತಿದ, ಅಂಗಿಯ ತೋಳು ಮಡಚಿದ, ಮೊಣಕೈ ಮೇಲಿನವರೆಗೆ, ತೋಳು ಚಾಚಿದ. ರೇಡಿಯೋ ಆರಿಸಿದೆ. ಪಟ್ಟಿ ಸುತ್ತಿದೆ, ಎರಡು ಬೆರಳು ಬಿಟ್ಟು. ಅಷ್ಟರಲ್ಲಿ ಬಾಚಣಿಕೆಗಳ ಪಕ್ಕ ಇಟ್ಟಿದ್ದ ನನ್ನ ಫೋನು ಮಿಣುಕಿ ಗಡಗಡ ಸರಿಯತೊಡಗಿತು, ನೋಡಿದೆ, ಪರದೆಯ ಮೇಲೆ ಹೆಸರು — ಸೋಮು ಫ್ಯಾಕ್ಟರಿ. ಕಿಶೋರ ಹೇಳಿದ, ಉಠಾವೋ ಕಾಕಾ, ಮಮ್ಮಿ ಅದ. ಪಪ್ಪಾ ಕಾ ಫೋನ್ ಕಪಾಟಿನಾಗಿಂದ ತೆಗೆದಾಳ, ಸಿಮ್ ಚಾಲೂ ಹೈ, ಮೈ ರಿಚಾರ್ಜ್ ಕರತಾ ಥಾ, ಬಂದ್ ಮಾಡಾಕ ಮನಸ್ಸಾಗಲಿಲ್ಲ. ಸ್ಪೀಕರ್ ಪೆ ರಖೋ. ಇಟ್ಟೆ. ವೈನಿಯ ಉಸಿರು ಕೇಳಿಸಿತು, ಆಮೇಲೆ ಮಾತು, ಎಲ್ಲಾರಿಗೂ ಕೇಳೂ ಹಂಗ ಓದ್ರಿ. ಅಣ್ಣಾರ ಎನ್ನಲಿಲ್ಲ. ಗುಂಡಿ ಒತ್ತಿದೆ, ಪಟ್ಟಿ ಉಬ್ಬಿತು, ಬೆಂಚಿನವರು ಮಾತು ನಿಲ್ಲಿಸಿದರು, ಅಂಕಿ ಏರಿತು, ಇಳಿಯಿತು, ನಿಂತಿತು, ಓದಿದೆ, ಒಂದು ನೂರಾ ಎಪ್ಪತ್ತೆರಡು, ಕೆಳಗ ಒಂದು ನೂರಾ ಹನ್ನೆರಡು, ನನ್ನ ದನಿ ನನಗೇ ದೊಡ್ಡದಾಯಿತು. ಕಿಶೋರನ ಕಣ್ಣ ಮುಂದೆಯೇ ರಿಜಿಸ್ಟರಿನಲ್ಲಿ ಬರೆದೆ. ಅವನು ಕೆಳತುಟಿ ಕಚ್ಚಿಕೊಂಡು ಅಂಕಿಯನ್ನು ನೋಡಿದ. ಹೆಚ್ಚೈತಿ ವೈನಿ, ಅಂದೆ ಫೋನಿಗೆ, ಮಾಧುರಿಗೆ ಈಗ ಹೇಳತೀನಿ, ಇವತ್ತ ದವಾಖಾನಿಗೆ ಹೋಗಬೇಕು, ಗುಳಿಗಿ ಚಾಲೂ ಮಾಡಿದ್ರ ಹತೋಟಿಗೆ ಬರತೈತಿ, ವಯಸ್ಸು ಸಣ್ಣದು. ಜಾತಾ ಹೂಂ, ಕಿಶೋರ ಅಂದ, ಅಮ್ಮನಿಗೋ ನನಗೋ, ಈಗ ಹೋಗತೀನಿ. ಇನ್ನೊಮ್ಮೆ ನೋಡಬೇಕು, ಐದು ನಿಮಿಷ ಬಿಟ್ಟು, ಹಾಗೆ ಕಲಿಸಿದ್ದಾರೆ, ಮಾತಾಡಬಾರದು, ಸುಮ್ಮನೆ ಕೂಡಬೇಕು. ಸುಮ್ಮನೆ ಕೂತಿದ್ದಾನೆ. ವೈನಿ ಫೋನು ಇಟ್ಟಿಲ್ಲ. ಎರಡನೆಯ ಅಂಕಿಗೆ ಕಾಯುತ್ತಿರಬೇಕು. ಬಾಚಣಿಕೆಗಳ ಪಕ್ಕದಲ್ಲಿ ಪರದೆ ಬೆಳಗುತ್ತಿದೆ, ಸೋಮು ಫ್ಯಾಕ್ಟರಿ, ಹೆಸರಿನ ಕೆಳಗೆ ಸೆಕೆಂಡು ಓಡುತ್ತಿವೆ, ಎರಡು ನಿಮಿಷ ಹನ್ನೊಂದು, ಹನ್ನೆರಡು, ಯಾರಾದರೂ ಏನಾದರೂ ಅನ್ನಬೇಕು, ಬೆಂಚಿನಲ್ಲಿ ಯಾರೋ ಉಸಿರೆಳೆದರು, ಅತ್ತಲಿಂದಲೂ ಉಸಿರು, ಪರದೆ ಮಂಕಾಗುತ್ತದೆ, ಬೆರಳು ಮುಟ್ಟಿಸುತ್ತೇನೆ, ಮತ್ತೆ ಹೆಸರು, ಸೋಮು ಫ್ಯಾಕ್ಟರಿ, ಮೂರು ನಿಮಿಷ ನಾಲ್ಕು, ಮೂರು ನಿಮಿಷ ಐದು, ಮಂಕಾಗುತ್ತದೆ, ಮುಟ್ಟುತ್ತೇನೆ, ಸೋಮು ಫ್ಯಾಕ್ಟರಿ, ಆರು, ಏಳು —